ಕೋಳಿ ಆಹಾರದ ಚೀಲ: ಜಾವಾದ ತೌಡಿನಿಂದ ಗಡಹಿಂಗ್ಲಜದ ಹಿಂಡಿಯವರೆಗೆ

ನಮ್ಮ ಬ್ಯಾರಿ ಮನೆಗಳಲ್ಲಿ ಕೋಳಿಯ ಬಗ್ಗೆ ಮಾತನಾಡಲು ಬಾರದವರು ಯಾರೂ ಇಲ್ಲ. ಯಾವ ಕೋಳಿ ಸಾರಿಗೆ ಒಳ್ಳೆಯದು, ಯಾವುದು ಸುಕ್ಕಕ್ಕೆ ಸರಿ, ಯಾವ ಅಂಗಡಿಯಲ್ಲಿ ತೂಕ ನ್ಯಾಯ ಎಂದು ಚಿಕ್ಕ ಮಕ್ಕಳೂ ಹೇಳುತ್ತಾರೆ. ಕೋಳಿ ಅಂಗಡಿ ಇಟ್ಟವರು, ಕೋಳಿಯ ಗಾಡಿ ಓಡಿಸುವವರು, ಗುಡ್ಡೆಯ ಬದಿಯಲ್ಲಿ ಶೆಡ್ ಕಟ್ಟಿ ಕಂಪನಿಯ ಮರಿ ಸಾಕುವವರು ನಮ್ಮ ಊರೂರಿನಲ್ಲಿ ಇದ್ದಾರೆ. ಆದರೆ ಆ ಕೋಳಿ ತಿನ್ನುವುದೇನು ಎಂದು ಕೇಳಿ ನೋಡಿ. ಹೆಚ್ಚಾಗಿ ಎರಡೇ ಉತ್ತರ ಬರುತ್ತದೆ. ಒಂದು, "ಏನೋ ಹಾರ್ಮೋನ್ ಹಾಕ್ತಾರಂತೆ." ಇನ್ನೊಂದು, "ಅದು ಕಂಪನಿಯವರ ಗುಟ್ಟು."

ಎರಡೂ ನಿಜವಲ್ಲ. ಕೋಳಿ ಆಹಾರದ ಚೀಲದಲ್ಲಿ ಇರುವ ಒಂದೊಂದು ವಸ್ತುವಿಗೂ ಬರೆದಿಟ್ಟ ಚರಿತ್ರೆ ಉಂಟು. ಎಲ್ಲೋ ಒಂದು ಕಡೆ ಕೋಳಿಗಳು ಕಾಲು ಮಡಚಿ ಬಿದ್ದವು, ಯಾರೋ ಅದನ್ನು ಗಮನಿಸಿ ಕಾರಣ ಹುಡುಕಿದರು, ಆ ಉತ್ತರ ಮುಂದೆ ಚೀಲದೊಳಗೆ ಸೇರಿತು. ಆ ಉತ್ತರಗಳಲ್ಲಿ ಕೆಲವು ಮನುಷ್ಯರ ಜೀವವನ್ನೂ ಉಳಿಸಿವೆ.

ನಾನು ಪಶುವೈದ್ಯನಲ್ಲ, ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ತಂದೆಯ ಅಂಗಡಿಯಲ್ಲಿ ಅಕ್ಕಿ, ಬೆಲ್ಲದ ಜೊತೆಗೆ ತೌಡು, ಹಿಂಡಿ, ಕೋಳಿ ಫೀಡ್ ತೂಗಿ ಕೊಟ್ಟು ಬೆಳೆದವನು. ಈಗ ಕೆಲಸ ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯಲ್ಲಿ, ಇಚಲಕರಂಜಿಯ ಶಹಾಪುರದಲ್ಲಿ. ಇದು ವಿದ್ಯುತ್ ಮಗ್ಗಗಳ ಊರು. ಆದರೆ ಊರು ದಾಟಿದರೆ ಕಬ್ಬು, ಸೋಯಾ. ತೆಂಕಕ್ಕೆ ಹೋದರೆ ನಿಪ್ಪಾಣಿ, ಸಂಕೇಶ್ವರ, ಗಡಹಿಂಗ್ಲಜ. ಮರಾಠಿಯೂ ಕನ್ನಡವೂ ಒಂದೇ ಸಂತೆಯಲ್ಲಿ ಕೇಳಿಸುವ ಸೀಮೆ. ಕರಾವಳಿಯಲ್ಲಿ ನಾವು ಹಿಂಡಿ ಎನ್ನುವುದನ್ನು ಇಲ್ಲಿಯ ಮರಾಠಿಯವರು 'ಪೇಂಡ್' ಎನ್ನುತ್ತಾರೆ. ಮೀನಿನ ಹುಡಿ ನಮ್ಮ ಕರಾವಳಿಯದು, ಹಿಂಡಿ ಈ ಘಟ್ಟದ ಮೇಲಿನ ಸೀಮೆಯದು. ಎರಡನ್ನೂ ಹತ್ತಿರದಿಂದ ನೋಡಿದ ಮೇಲೆ ಈ ಚೀಲದ ಚರಿತ್ರೆಯನ್ನು ನಮ್ಮವರಿಗಾಗಿ ಬರೆಯಬೇಕು ಅನಿಸಿತು.

ಜಾವಾದ ಕೋಳಿ ಮತ್ತು ನಮ್ಮ ಕುಚ್ಚಲಕ್ಕಿ

ಕಥೆ ಶುರುವಾಗುವುದು ಇಂದಿನ ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ. 1880ರ ದಶಕದಲ್ಲಿ ಅದು ಡಚ್ಚರ ಕೈಯಲ್ಲಿತ್ತು. ಸೈನಿಕರೂ ಕೈದಿಗಳೂ ಬೆರಿಬೆರಿ ಎಂಬ ಕಾಯಿಲೆಯಿಂದ ಸಾಯುತ್ತಿದ್ದರು. ಕಾಲಿನ ಬಲ ಹೋಗುವುದು, ಮೈ ಊದಿಕೊಳ್ಳುವುದು, ಕೊನೆಗೆ ಹೃದಯ ನಿಲ್ಲುವುದು. ಆಗ ರೋಗಾಣುಗಳ ಶೋಧದ ಕಾಲ. ಹಾಗಾಗಿ ಇದಕ್ಕೂ ಒಂದು ರೋಗಾಣು ಇರಬೇಕೆಂದು ಹುಡುಕಲು ಕ್ರಿಸ್ತಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯ ಬಟಾವಿಯಾದ ಸೇನಾ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದರು.

ಪ್ರಯೋಗಕ್ಕೆಂದು ಇಟ್ಟ ಕೋಳಿಗಳಿಗೆ ಒಂದು ದಿನ ಕಾಲು ಸೋಲತೊಡಗಿತು. ಬೆರಿಬೆರಿಯ ಹಾಗೆಯೇ. ಕೆಲವು ತಿಂಗಳ ನಂತರ ತಾವಾಗಿಯೇ ಗುಣವಾದವು. ವಿಚಾರಿಸಿದಾಗ ಗೊತ್ತಾದದ್ದು ಇಷ್ಟು: ನಡುವೆ ಕೆಲವು ತಿಂಗಳು ಕೋಳಿಗಳಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಉಳಿದ ಬಿಳಿ ಅನ್ನ ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವನು, ಸೇನೆಯ ಅಕ್ಕಿಯನ್ನು ಕೋಳಿಗಳಿಗೆ ಕೊಡುವುದಿಲ್ಲ ಎಂದುಬಿಟ್ಟ. ಕೋಳಿಗಳು ಮೊದಲಿನಂತೆ ಪಾಲಿಷ್ ಮಾಡದ ಅಕ್ಕಿಗೆ ಮರಳಿದವು, ಎದ್ದು ನಿಂತವು.

ಐಕ್‌ಮನ್ ಮೊದಲು ಬಿಳಿ ಅಕ್ಕಿಯಲ್ಲಿ ಏನೋ ವಿಷ ಇರಬೇಕು, ತೌಡು ಅದನ್ನು ತಡೆಯುತ್ತದೆ ಎಂದು ಭಾವಿಸಿದರು. ಅವರ ನಂತರ ಕೆಲಸ ಮುಂದುವರಿಸಿದ ಗೆರಿಟ್ ಗ್ರೈನ್ಸ್ 1901ರಲ್ಲಿ ಅದನ್ನು ತಿರುಗಿಸಿ ಹೇಳಿದರು: ವಿಷ ಇರುವುದಲ್ಲ, ಬೇಕಾದ್ದು ಇಲ್ಲದಿರುವುದು. ಆ 'ಬೇಕಾದ್ದನ್ನು' 1926ರಲ್ಲಿ ಜಾವಾದಲ್ಲಿಯೇ ತೌಡಿನಿಂದ ಬೇರ್ಪಡಿಸಿದರು. ಅದೇ ವಿಟಮಿನ್ ಬಿ1, ಥಯಮಿನ್. 1929ರಲ್ಲಿ ಐಕ್‌ಮನ್‌ಗೆ ನೊಬೆಲ್ ಬಹುಮಾನ ಬಂತು.

ನಮ್ಮ ಕರಾವಳಿಯವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ನಾವು ಕುಚ್ಚಲಕ್ಕಿ ತಿನ್ನುವವರು. ಭತ್ತವನ್ನು ಸಿಪ್ಪೆಯೊಂದಿಗೆ ಬೇಯಿಸಿ ಒಣಗಿಸಿ ಆಮೇಲೆ ಗಿರಣಿಗೆ ಹಾಕುತ್ತೇವೆ. ಬೇಯುವಾಗ ತೌಡಿನಲ್ಲಿರುವ ಥಯಮಿನ್ ನೀರಿನೊಂದಿಗೆ ಅಕ್ಕಿಯ ಒಳಕ್ಕೆ ಇಳಿಯುತ್ತದೆ. ಹಾಗಾಗಿ ಪಾಲಿಷ್ ಆದ ಮೇಲೂ ಒಂದು ಪಾಲು ಉಳಿಯುತ್ತದೆ. ಬೆಳ್ತಿಗೆ ಅಕ್ಕಿಯಲ್ಲಿ ತೌಡು ಹೋದರೆ ಅದೂ ಹೋಯಿತು. ಕುಚ್ಚಲಕ್ಕಿ ಗಂಜಿ ಉಂಡ ನಮ್ಮ ಅಜ್ಜಂದಿರಿಗೆ ಈ ಕಾರಣ ಗೊತ್ತಿರಲಿಲ್ಲ, ಪ್ರಯೋಜನ ಮಾತ್ರ ಸಿಕ್ಕಿತ್ತು. ಹಿತ್ತಲಿನ ಕೋಳಿಗೆ ತೌಡು ಕಲಸಿ ಇಡುತ್ತಿದ್ದ ಉಮ್ಮಂದಿರೂ ಹಾಗೆಯೇ. ತೌಡು ಅಗ್ಗ, ಮನೆಯಲ್ಲಿ ಇರುತ್ತಿತ್ತು, ಹಾಕಿದರು. ಕೋಳಿ ಆಹಾರ ವಿಜ್ಞಾನದ ಮೊದಲ ಪಾಠ ಆ ಹಾಳೆ ತಟ್ಟೆಯಲ್ಲೇ ಇತ್ತು.

ಗೂಡಿನೊಳಗೆ ಬಂದ ಕೋಳಿ

ಹಿತ್ತಲಿನ ಕೋಳಿ ತನಗೆ ಬೇಕಾದ್ದನ್ನು ತಾನೇ ಹುಡುಕಿಕೊಳ್ಳುತ್ತದೆ. ಹುಳ, ಗೆದ್ದಲು, ಹಸಿರು ಎಲೆ, ಕಲ್ಲು, ಚಿಪ್ಪು, ಬಿಸಿಲು. ಅದನ್ನು ಕೋಣೆಯೊಳಗೆ ಕೂಡಿದರೆ ಇದೆಲ್ಲವನ್ನೂ ನಾವು ಚೀಲದಲ್ಲಿ ಕೊಡಬೇಕು. ಒಂದು ಬಿಟ್ಟರೂ ಕೋಳಿ ತೋರಿಸಿಕೊಡುತ್ತದೆ.

ಅಮೆರಿಕ, ಯುರೋಪಿನಲ್ಲಿ ಚಳಿಗಾಲದಲ್ಲಿ ಒಳಗೆ ಸಾಕಿದ ಮರಿಗಳಿಗೆ ಎಲುಬು ಸೊಟ್ಟಗಾಗುತ್ತಿತ್ತು. ಬಿಸಿಲಿಲ್ಲದೆ ವಿಟಮಿನ್ ಡಿ ಇಲ್ಲ, ಅದಿಲ್ಲದೆ ಸುಣ್ಣದಂಶ ಎಲುಬಿಗೆ ಸೇರುವುದಿಲ್ಲ. 1920ರ ದಶಕದಲ್ಲಿ ಕಾಡ್ ಮೀನಿನ ಲಿವರ್ ಎಣ್ಣೆಯನ್ನು ಆಹಾರಕ್ಕೆ ಬೆರೆಸಿದಾಗ ಈ ತೊಂದರೆ ನಿಂತಿತು. ವರ್ಷವಿಡೀ ಶೆಡ್ಡಿನೊಳಗೆ ಸಾವಿರಾರು ಕೋಳಿ ಸಾಕಲು ದಾರಿ ತೆರೆದದ್ದು ಆ ಮೀನೆಣ್ಣೆ. ಅದೇ ಹೊತ್ತಿಗೆ ಕೋಪನ್‌ಹೇಗನ್‌ನಲ್ಲಿ ಹೆನ್ರಿಕ್ ಡ್ಯಾಮ್ ಎಂಬವರು ಕೊಬ್ಬು ತೆಗೆದ ಆಹಾರ ಕೊಟ್ಟ ಮರಿಗಳಲ್ಲಿ ರಕ್ತ ಹೆಪ್ಪುಗಟ್ಟದೆ ಸೋರುವುದನ್ನು ಕಂಡರು. ಅಲ್ಲಿಂದ ಬಂದದ್ದು ವಿಟಮಿನ್ ಕೆ. ಇಂದು ಹೆರಿಗೆ ಆಸ್ಪತ್ರೆಗಳಲ್ಲಿ ಹುಟ್ಟಿದ ಮಗುವಿಗೆ ರಕ್ತಸ್ರಾವ ಆಗದಿರಲೆಂದು ಕೊಡುವ ಚುಚ್ಚುಮದ್ದು ಅದೇ. ಡ್ಯಾಮ್‌ಗೆ 1943ರ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು.

ಮೊಟ್ಟೆಯ ಚಿಪ್ಪಿನ ಲೆಕ್ಕವೂ ಹೀಗೆಯೇ. ಒಂದು ಮೊಟ್ಟೆಯ ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ತಿಂದದ್ದರಲ್ಲಿ ಅರ್ಧದಷ್ಟು ಮಾತ್ರ ಮೈಗೆ ಹತ್ತುವುದರಿಂದ ಮೊಟ್ಟೆ ಕೋಳಿಯ ಆಹಾರದಲ್ಲಿ ಶೇ. 3ರಿಂದ 4ರಷ್ಟು ಕ್ಯಾಲ್ಸಿಯಂ ಇರಬೇಕು. ಇಲ್ಲದಿದ್ದರೆ ಕೋಳಿ ತನ್ನ ಎಲುಬನ್ನೇ ಕರಗಿಸಿ ಚಿಪ್ಪು ಕಟ್ಟುತ್ತದೆ. ಮರುವಾಯಿ ಸಾರು ಮಾಡಿದ ದಿನ ಚಿಪ್ಪು ಕುಟ್ಟಿ ಕೋಳಿಗೆ ಹಾಕುವುದು ಇದೇ ಲೆಕ್ಕಕ್ಕೆ ಸರಿಹೊಂದುತ್ತದೆ.

ಬೂತಾಯಿಯ ಹುಡಿ

ಇನ್ನು ನಮ್ಮ ಕರಾವಳಿಯ ಪಾಲು. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, ಬೂತಾಯಿ ರಾಶಿ ಬಿದ್ದ ವರ್ಷ ಮಲಬಾರಿನಿಂದ ನಮ್ಮ ತೀರದವರೆಗೆ ಅದನ್ನು ಬೇಯಿಸಿ ಎಣ್ಣೆ ಹಿಂಡುತ್ತಿದ್ದರು. ಉಳಿದ ಹಿಟ್ಟು ಗೊಬ್ಬರವಾಗಿ ಕಾಫಿ, ಚಹಾ ತೋಟಗಳಿಗೆ ಹೋಗುತ್ತಿತ್ತು. ಮದ್ರಾಸಿನ ಮೀನುಗಾರಿಕೆ ಇಲಾಖೆಯನ್ನು ಕಟ್ಟಿದ ಫ್ರೆಡರಿಕ್ ನಿಕೋಲ್ಸನ್ 20ನೇ ಶತಮಾನದ ಮೊದಲ ದಶಕದಲ್ಲಿ ಮಲಬಾರಿನ ತಾನೂರಿನಲ್ಲಿ ಈ ಎಣ್ಣೆ, ಹಿಟ್ಟಿನ ಕೆಲಸವನ್ನು ಶುಚಿಯಾಗಿ ಮಾಡುವ ಪ್ರಯೋಗ ನಡೆಸಿದರು. ಆಗ ಅದು ಗಿಡದ ಆಹಾರ, ಕೋಳಿಯ ಆಹಾರ ಅಲ್ಲ.

ಹೊರದೇಶಗಳಲ್ಲಿ ಕೋಳಿ ಸಾಕುವವರು ಒಂದು ವಿಚಿತ್ರ ಕಂಡಿದ್ದರು. ಬರೀ ಧಾನ್ಯ, ಹಿಂಡಿ ಕೊಟ್ಟರೆ ಮರಿ ಸರಿಯಾಗಿ ಬೆಳೆಯುವುದಿಲ್ಲ, ಮೊಟ್ಟೆ ಮರಿಯಾಗುವುದೂ ಕಡಿಮೆ. ಸ್ವಲ್ಪ ಮೀನಿನ ಹುಡಿ ಬೆರೆಸಿದರೆ ಸರಿಯಾಗುತ್ತದೆ. ಪ್ರೊಟೀನ್ ಲೆಕ್ಕ ಎರಡರಲ್ಲೂ ಒಂದೇ ಇದ್ದರೂ ಈ ವ್ಯತ್ಯಾಸ. ಹೆಸರು ತಿಳಿಯದ ಆ ವಸ್ತುವಿಗೆ 'ಪ್ರಾಣಿಜನ್ಯ ಪ್ರೊಟೀನ್ ಅಂಶ' ಎಂದರು. ಇತ್ತ ವೈದ್ಯರು ಒಂದು ಬಗೆಯ ಮಾರಕ ರಕ್ತಹೀನತೆಗೆ ಲಿವರ್ ತಿನ್ನಿಸುತ್ತಿದ್ದರು. ಲಿವರಿನಲ್ಲಿ ಏನಿದೆ ಎಂದು ಅವರಿಗೂ ಗೊತ್ತಿರಲಿಲ್ಲ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಕೋಳಿ ಸಾಕಣೆ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಮೇರಿ ಶಾರ್ಬ್ ಎಂಬ ವಿಜ್ಞಾನಿ, ಒಂದು ಬ್ಯಾಕ್ಟೀರಿಯಾದ ಬೆಳವಣಿಗೆಯಿಂದ ಆ ವಸ್ತುವನ್ನು ಅಳೆಯುವ ಪರೀಕ್ಷೆ ಮಾಡಿಕೊಟ್ಟರು. 1948ರಲ್ಲಿ ಅದನ್ನು ಕೆಂಪು ಹರಳಾಗಿ ಬೇರ್ಪಡಿಸಿದರು: ವಿಟಮಿನ್ ಬಿ12. ಮರಿಗೆ ಬೇಕಿದ್ದದ್ದೂ ರೋಗಿಗೆ ಬೇಕಿದ್ದದ್ದೂ ಒಂದೇ ಆಗಿತ್ತು.

ಬಿ12ನ್ನು ಹುದುಗು ಬರಿಸಿ ತಯಾರಿಸಲು ಕಲಿತ ಮೇಲೆ ಮೀನಿನ ಹುಡಿ ಇಲ್ಲದೆಯೂ ಕೋಳಿ ಸಾಕಬಹುದಾಯಿತು. ಒಂದು ಟನ್ ಆಹಾರಕ್ಕೆ ಬೇಕಾದದ್ದು 10ರಿಂದ 20 ಮಿಲಿಗ್ರಾಂ ಮಾತ್ರ. ಉಪ್ಪಿನ ಕೆಲವು ಹರಳುಗಳಷ್ಟು. ಇಲ್ಲಿ ನನ್ನಂಥ ಮೆಕ್ಯಾನಿಕಲ್‌ನವರ ಕೆಲಸ ಬರುತ್ತದೆ. ಅಷ್ಟು ಸಣ್ಣದನ್ನು ಸಾವಿರ ಕಿಲೋದಲ್ಲಿ ಸಮನಾಗಿ ಹರಡುವುದು ಹೇಗೆ? ಮೊದಲು ಒಂದು ಕಿಲೋ ಹುಡಿಯಲ್ಲಿ ಬೆರೆಸಿ 'ಪ್ರೀಮಿಕ್ಸ್' ಮಾಡುತ್ತಾರೆ, ಅದನ್ನು ಹತ್ತಿಪ್ಪತ್ತು ಕಿಲೋದಲ್ಲಿ, ಆಮೇಲೆ ದೊಡ್ಡ ಮಿಕ್ಸರಿನಲ್ಲಿ. ಮಿಕ್ಸರಿನ ರೆಕ್ಕೆ ಸವೆದಿದ್ದರೆ, ಅಥವಾ ಅವಸರದಲ್ಲಿ ಬೇಗ ನಿಲ್ಲಿಸಿದರೆ, ಒಂದು ಚೀಲದಲ್ಲಿ ವಿಟಮಿನ್ ಹೆಚ್ಚು, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಕಾಗದದಲ್ಲಿ ಸೂತ್ರ ಸರಿ ಇದ್ದು ಶೆಡ್ಡಿನಲ್ಲಿ ಮರಿ ಕುಂಟುವುದು ಹೀಗೂ ಆಗುತ್ತದೆ.

ಮಂಗಳೂರು, ಉಳ್ಳಾಲದ ಕಡೆ ಮೀನಿನ ಹುಡಿ ಮತ್ತು ಎಣ್ಣೆಯ ಕಾರ್ಖಾನೆಗಳು ಬೆಳೆದದ್ದು ಯಾಂತ್ರಿಕ ಮೀನುಗಾರಿಕೆಯೊಂದಿಗೆ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ಬಂದ ಮೇಲೆ ಬೂತಾಯಿ, ಬಂಗುಡೆ ಒಮ್ಮೆಲೇ ಲೋಡುಗಟ್ಟಲೆ ದಕ್ಕೆಗೆ ಬಂತು. ಇಂದು ಒಳ್ಳೆಯ ಮೀನಿನ ಹುಡಿಯ ದೊಡ್ಡ ಪಾಲು ಸಿಗಡಿ, ಮೀನು ಸಾಕಣೆಗೆ ಹೋಗುತ್ತದೆ. ಕೋಳಿಗೆ ಅದು ದುಬಾರಿ. ಅತಿಯಾದರೆ ಮಾಂಸ, ಮೊಟ್ಟೆಗೆ ಮೀನಿನ ವಾಸನೆ ಬರುವುದೂ ಉಂಟು.

ಗಡಹಿಂಗ್ಲಜದ ಶೇಂಗಾ ಮತ್ತು ಬೂಸ್ಟು

ಕರಾವಳಿಯ ಮೀನು ಬಿಟ್ಟರೆ ಪ್ರೊಟೀನ್‌ಗೆ ನಮ್ಮ ದೇಶದಲ್ಲಿ ಇದ್ದ ಹಳೆಯ ದಾರಿ ಶೇಂಗಾ ಹಿಂಡಿ, ನಾವು ನೆಲಕಡಲೆ ಹಿಂಡಿ ಎನ್ನುವುದು. ಗಡಹಿಂಗ್ಲಜ ಸೀಮೆ ಶೇಂಗಾ, ಮೆಣಸಿನಕಾಯಿ, ಬೆಲ್ಲದ ವ್ಯಾಪಾರಕ್ಕೆ ಹೆಸರಾದದ್ದು. ಶೇಂಗಾ ಇದ್ದಲ್ಲಿ ಗಾಣ, ಗಾಣ ಇದ್ದಲ್ಲಿ ಹಿಂಡಿ. ಅದರಲ್ಲಿ ಪ್ರೊಟೀನ್ ಶೇ. 40ಕ್ಕಿಂತ ಹೆಚ್ಚು. ದನಕ್ಕೂ ಕೋಳಿಗೂ ಅದೇ ಆಧಾರವಾಗಿತ್ತು.

1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಮರಿಗಳು ಕೆಲವೇ ತಿಂಗಳಲ್ಲಿ ಸತ್ತವು. ರೋಗಾಣು ಸಿಗಲಿಲ್ಲ. ಕಾಯಿಲೆಗೆ 'ಟರ್ಕಿ ಎಕ್ಸ್' ಎಂದು ಹೆಸರಿಟ್ಟರು. ಹುಡುಕುತ್ತಾ ಹೋದಾಗ ಎಲ್ಲದರ ಮೂಲ ಬ್ರೆಜಿಲಿನಿಂದ ಬಂದ ಶೇಂಗಾ ಹಿಂಡಿ ಎಂದು ತಿಳಿಯಿತು. ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಸ್ಟು ಬೆಳೆದು ವಿಷ ಬಿಟ್ಟಿತ್ತು. ಅದೇ ಅಫ್ಲಾಟಾಕ್ಸಿನ್. ಅದು ಲಿವರನ್ನು ಹಾಳು ಮಾಡುತ್ತದೆ. ಬೇಯಿಸಿದರೂ ಹೋಗುವುದಿಲ್ಲ.

ಇದು ಇಂಗ್ಲೆಂಡಿನ ಕಥೆಯಾಗಿ ಉಳಿಯಲಿಲ್ಲ. 1966ರಲ್ಲಿ ಆಗಿನ ಮೈಸೂರು ರಾಜ್ಯದಲ್ಲಿಯೇ ಶೇಂಗಾ ಹಿಂಡಿಯಿದ್ದ ಆಹಾರ ತಿಂದು ಎರಡು ಸಾವಿರಕ್ಕೂ ಹೆಚ್ಚು ಕೋಳಿಮರಿಗಳು ಸತ್ತವು. ಆ ಕಾಲದಲ್ಲಿ ಮೈಸೂರಿನ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಶೇಂಗಾ ಹಿಟ್ಟಿನಿಂದಲೇ ಬಡ ಮಕ್ಕಳಿಗೆ ಪೌಷ್ಟಿಕ ಆಹಾರ ಮಾಡುವ ಕೆಲಸದಲ್ಲಿತ್ತು. ಮರಿ ಸತ್ತ ಹಿಂಡಿಯ ಅಣ್ಣತಮ್ಮನೇ ಮಕ್ಕಳ ತಟ್ಟೆಗೆ ಹೋಗುವ ಹಿಟ್ಟು. ಹಾಗಾಗಿ ಶೇಂಗಾ ಆರಿಸುವುದು, ವಿಷ ಪರೀಕ್ಷಿಸುವುದು, ತೆಗೆಯುವುದು ದೊಡ್ಡ ಸಂಶೋಧನೆಯಾಯಿತು. 1967ರಲ್ಲಿ ಆ ಸಂಸ್ಥೆಯ ವಿಜ್ಞಾನಿಗಳು ಹೈಡ್ರೋಜನ್ ಪೆರಾಕ್ಸೈಡ್ ಬಳಸಿ ಹಿಂಡಿಯ ವಿಷ ತೆಗೆಯುವ ವಿಧಾನವನ್ನು ಪ್ರಕಟಿಸಿದರು.

1974ರ ಕೊನೆಯಲ್ಲಿ ರಾಜಸ್ಥಾನ, ಗುಜರಾತಿನ ಗಡಿಯ ಹಳ್ಳಿಗಳಲ್ಲಿ ಬೂಸ್ಟು ಹಿಡಿದ ಮೆಕ್ಕೆಜೋಳದ ರೊಟ್ಟಿ ತಿಂದು ನೂರಕ್ಕೂ ಹೆಚ್ಚು ಜನ ಕಾಮಾಲೆಯಾಗಿ ಸತ್ತರು. ಮನೆಯ ನಾಯಿಗಳೂ ಸತ್ತವು. ವೈದ್ಯರು ಕಾರಣ ಗುರುತಿಸಲು ಆದದ್ದು ಟರ್ಕಿ ಮರಿಗಳು ಮೊದಲೇ ಪಾಠ ಹೇಳಿದ್ದರಿಂದ.

ಸೋಯಾ ಬಂತು

ಶೇಂಗಾ ಹಿಂಡಿಗೆ ಬೂಸ್ಟಿನ ಭಯ ಒಂದು ಕಡೆ. ಇನ್ನೊಂದು ಕಡೆ ಅದರ ಪ್ರೊಟೀನಿನಲ್ಲಿ ಲೈಸಿನ್, ಮೆಥಿಯೊನಿನ್ ಎಂಬ ಎರಡು ಅಮೈನೋ ಆಮ್ಲಗಳು ಕಡಿಮೆ. ಪ್ರೊಟೀನ್ ಎಂದರೆ ಗೋಡೆ, ಅಮೈನೋ ಆಮ್ಲ ಎಂದರೆ ಬೇರೆ ಬೇರೆ ಅಳತೆಯ ಕಲ್ಲು. ಒಂದು ಅಳತೆಯ ಕಲ್ಲು ಮುಗಿದರೆ ಉಳಿದ ಕಲ್ಲು ಎಷ್ಟಿದ್ದರೂ ಗೋಡೆ ಅಲ್ಲಿಗೆ ನಿಲ್ಲುತ್ತದೆ. ಸೋಯಾದಲ್ಲಿ ಲೈಸಿನ್ ಚೆನ್ನಾಗಿದೆ. ಮೆಕ್ಕೆಜೋಳದ ಕೊರತೆಯನ್ನು ಅದು ತುಂಬುತ್ತದೆ. ಮೆಥಿಯೊನಿನ್ ಮಾತ್ರ ಕಾರ್ಖಾನೆಯಲ್ಲಿ ಮಾಡಿದ್ದನ್ನು ಸ್ವಲ್ಪ ಸೇರಿಸಬೇಕು.

ಆದರೆ ಹಸಿ ಸೋಯಾ ಕೋಳಿಗೆ ಆಗದು. ಅದರಲ್ಲಿ ಪ್ರೊಟೀನ್ ಅರಗದಂತೆ ತಡೆಯುವ ವಸ್ತು ಇದೆ. ಬೇಯಿಸಿದ ಸೋಯಾ ತಿಂದ ಇಲಿಗಳು ಬೆಳೆಯುತ್ತವೆ, ಹಸಿಯದು ತಿಂದವು ಬೆಳೆಯುವುದಿಲ್ಲ ಎಂದು ಆಸ್ಬರ್ನ್ ಮತ್ತು ಮೆಂಡೆಲ್ ಎಂಬ ಅಮೆರಿಕದ ವಿಜ್ಞಾನಿಗಳು 1917ರಲ್ಲಿಯೇ ತೋರಿಸಿದ್ದರು. ಹಾಗಾಗಿ ಎಣ್ಣೆ ತೆಗೆದ ಮೇಲೆ ಹಿಂಡಿಯನ್ನು ಹಬೆಯಲ್ಲಿ ಹುರಿಯುತ್ತಾರೆ. ಬಿಸಿ ಕಡಿಮೆಯಾದರೆ ಆ ತಡೆ ಉಳಿಯುತ್ತದೆ, ಹೆಚ್ಚಾದರೆ ಲೈಸಿನ್ ಸುಟ್ಟು ಹೋಗುತ್ತದೆ. ಬಿಸಿ ಸಾಕಾಯಿತೇ ಎಂದು ತಿಳಿಯಲು ಯೂರಿಯೇಸ್ ಎಂಬ ಸರಳ ಪರೀಕ್ಷೆ ಇದೆ.

ನಮ್ಮ ದೇಶದಲ್ಲಿ ಸೋಯಾ 1970, 80ರ ದಶಕಗಳಲ್ಲಿ ಮಧ್ಯಪ್ರದೇಶದಲ್ಲಿ ಹಬ್ಬಿ, ಮಹಾರಾಷ್ಟ್ರ, ಕರ್ನಾಟಕಕ್ಕೂ ಬಂತು. ಈಗ ಕೊಲ್ಹಾಪುರ, ಸಾಂಗ್ಲಿ, ಬೆಳಗಾವಿ, ಬೀದರ್ ಎಲ್ಲ ಕಡೆ ಮಳೆಗಾಲದ ಬೆಳೆ ಅದು. ಮೆಕ್ಕೆಜೋಳಕ್ಕೆ ದೇಶದಾದ್ಯಂತ ಸಂಯೋಜಿತ ಸಂಶೋಧನೆ 1957ರಲ್ಲಿ ಶುರುವಾಗಿ, 1961ರಲ್ಲಿ ಮೊದಲ ಹೈಬ್ರಿಡ್ ತಳಿಗಳು ಬಂದಿದ್ದವು. ದಾವಣಗೆರೆ, ಹಾವೇರಿಯ ಜೋಳ, ಈ ಕಡೆಯ ಸೋಯಾ. ಕೋಳಿ ಚೀಲದ ಮುಕ್ಕಾಲಿಗಿಂತ ಹೆಚ್ಚು ಪಾಲು ಇವೆರಡೇ.

ಲೆಕ್ಕ ಹೇಗೆ?

ಒಂದು ಸಣ್ಣ ಲೆಕ್ಕ ಮಾಡೋಣ. ಮೆಕ್ಕೆಜೋಳದಲ್ಲಿ ಪ್ರೊಟೀನ್ ಶೇ. 9, ಸೋಯಾ ಹಿಂಡಿಯಲ್ಲಿ ಶೇ. 45 ಎಂದುಕೊಳ್ಳಿ. ಬೇಕಾದದ್ದು ಶೇ. 18. 45ರಿಂದ 18 ಕಳೆದರೆ 27, ಅದು ಜೋಳದ ಪಾಲು. 18ರಿಂದ 9 ಕಳೆದರೆ 9, ಅದು ಸೋಯಾದ ಪಾಲು. ಅಂದರೆ 100 ಕಿಲೋಗೆ 75 ಕಿಲೋ ಜೋಳ, 25 ಕಿಲೋ ಸೋಯಾ. ಇದನ್ನು ಪಿಯರ್ಸನ್ ಚೌಕ ಎನ್ನುತ್ತಾರೆ. ಅಂಗಡಿಯಲ್ಲಿ ಎರಡು ದರದ ಅಕ್ಕಿ ಬೆರೆಸುವ ಲೆಕ್ಕ ಬಂದವರಿಗೆ ಇದು ಹೊಸದಲ್ಲ.

ವಸ್ತು ಹತ್ತಾಗಿ, ಷರತ್ತು ಇಪ್ಪತ್ತಾದರೆ ಚೌಕ ಸಾಲದು. 1947ರಲ್ಲಿ ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್ಸಿಗ್ ಇಂಥ ಲೆಕ್ಕ ಬಿಡಿಸುವ ಒಂದು ವಿಧಾನ ಕಂಡುಹಿಡಿದರು. ಅದನ್ನು ಪರೀಕ್ಷಿಸಲು ತೆಗೆದುಕೊಂಡ ಮೊದಲ ದೊಡ್ಡ ಲೆಕ್ಕಗಳಲ್ಲೊಂದು, ಒಬ್ಬ ಮನುಷ್ಯನಿಗೆ ಬೇಕಾದ ಪೋಷಕಾಂಶಗಳೆಲ್ಲ ಅತಿ ಕಡಿಮೆ ಹಣದಲ್ಲಿ ಸಿಗುವುದು ಹೇಗೆ ಎಂಬುದು. 1951ರಲ್ಲಿ ಫ್ರೆಡರಿಕ್ ವಾ ಎಂಬ ಅರ್ಥಶಾಸ್ತ್ರಜ್ಞ ಅದನ್ನು ಹಸುವಿನ ಆಹಾರಕ್ಕೆ ಬಳಸಿದರು. ಕೋಳಿಗೂ ಅದೇ ಬಂತು. ಇಂದು ಫೀಡ್ ಮಿಲ್ಲುಗಳ ಕಂಪ್ಯೂಟರಿನಲ್ಲಿ ಸೋಯಾ ದರ ಏರಿದ ಕೂಡಲೇ ಸೂತ್ರ ಬದಲಾಗುತ್ತದೆ. ಚೀಲದ ಬಣ್ಣ, ಹೆಸರು ಅದೇ ಇರುತ್ತದೆ.

ಬದಲಾಯಿಸಲು ಮಿತಿ ಇರಬೇಕಲ್ಲ? ಅದಕ್ಕೆ ಭಾರತೀಯ ಮಾನಕ ಐಎಸ್ 1374 ಇದೆ. 2007ರ ಆವೃತ್ತಿಯಲ್ಲಿ ಬ್ರಾಯ್ಲರ್ ಮರಿಯ ಮೊದಲ ಹಂತಕ್ಕೆ ಪ್ರೊಟೀನ್ ಶೇ. 23, ಎರಡನೆಯದಕ್ಕೆ 22, ಕೊನೆಯದಕ್ಕೆ 20. ಇದರ ಹಿಂದೆ ಇರುವುದು ಉತ್ತರಪ್ರದೇಶದ ಇಜ್ಜತ್‌ನಗರ, ಹೈದರಾಬಾದ್, ನಮ್ಮ ಬೆಂಗಳೂರಿನ ಹೆಬ್ಬಾಳ, ಹೆಸರಘಟ್ಟದಂಥ ಕಡೆಗಳ ಕೆಲಸ. ಹೆಬ್ಬಾಳದ ಪಶುವೈದ್ಯ ಕಾಲೇಜು 1958ರದು. ನಮ್ಮೂರುಗಳಲ್ಲಿ ಇಂದಿಗೂ ಸಾಕುವ ಗಿರಿರಾಜ ಕೋಳಿ ಅಲ್ಲಿಯದೇ ತಳಿ. ಹಿತ್ತಲಿನಲ್ಲಿ ಹುಳ, ಅನ್ನ, ತೌಡು ತಿಂದೂ ಬೆಳೆಯುವ ಕೋಳಿ ಬೇಕೆಂದೇ ಅದನ್ನು ಬೆಳೆಸಿದರು. 1995ರಲ್ಲಿ ಬೆಂಗಳೂರಿನ ಆಡುಗೋಡಿಯಲ್ಲಿ ಪಶು ಪೋಷಣೆಗೆಂದೇ ರಾಷ್ಟ್ರೀಯ ಸಂಸ್ಥೆ ಬಂತು. ಮೀನಿನ ಹುಡಿಗೆ ಬದಲು ರೇಷ್ಮೆ ಹುಳದ ಪ್ಯೂಪಾ, ಜೋಳಕ್ಕೆ ಬದಲು ರಾಗಿ ಎಂದು ನಮ್ಮ ನಾಡಿನ ವಸ್ತುಗಳನ್ನೂ ವಿಜ್ಞಾನಿಗಳು ಪರೀಕ್ಷಿಸಿ ನೋಡಿದ್ದಾರೆ. ಎಲ್ಲ ಸಾರ್ವಜನಿಕ ವಿದ್ಯೆ. ಗುಟ್ಟು ಎನ್ನುವುದು ಬಹಳ ಕಡಿಮೆ.

ಹಾರ್ಮೋನ್ ಮಾತು

ಹಾಗಾದರೆ ಬ್ರಾಯ್ಲರ್ ಇಷ್ಟು ಬೇಗ ಹೇಗೆ ಬೆಳೆಯುತ್ತದೆ? ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957, 1978, 2005ರ ತಳಿಗಳನ್ನು ಒಟ್ಟಿಗೆ ಸಾಕಿ, ಒಂದೇ ಆಹಾರ ಕೊಟ್ಟು, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 56 ದಿನಕ್ಕೆ 1957ರ ತಳಿ ಸುಮಾರು 900 ಗ್ರಾಂ, 1978ರದು 1,800 ಗ್ರಾಂ, 2005ರದು 4,200 ಗ್ರಾಂ. ಆಹಾರ ಒಂದೇ, ಆದ್ದರಿಂದ ವ್ಯತ್ಯಾಸ ತಳಿಯದು. ಬೆಳೆಯುವ ಹಾರ್ಮೋನ್ ಪ್ರೊಟೀನ್ ಆಗಿರುವುದರಿಂದ ಆಹಾರದಲ್ಲಿ ಹಾಕಿದರೆ ಹೊಟ್ಟೆಯಲ್ಲೇ ಅರಗಿ ಹೋಗುತ್ತದೆ. ಸಾವಿರಾರು ಕೋಳಿಗೆ ದಿನಾ ಚುಚ್ಚುವುದು ಯಾರಿಗೂ ಗಿಟ್ಟುವುದಿಲ್ಲ.

ನಿಜವಾಗಿ ಕೇಳಬೇಕಾದ ಪ್ರಶ್ನೆ ಆಂಟಿಬಯಾಟಿಕ್‌ನದು. ಬಿ12 ಹುಡುಕಾಟದ ಮುಂದುವರಿಕೆಯಾಗಿ 1948ರ ಹೊತ್ತಿಗೆ ಅಮೆರಿಕದಲ್ಲಿ ಥಾಮಸ್ ಜೂಕ್ಸ್ ಮತ್ತು ಜೊತೆಗಾರರು, ಆಂಟಿಬಯಾಟಿಕ್ ತಯಾರಿಯಲ್ಲಿ ಉಳಿದ ಗಸಿಯನ್ನು ಮರಿಗಳಿಗೆ ಕೊಟ್ಟರು. ಬಿ12ನಿಂದ ಆಗಬೇಕಾದ್ದಕ್ಕಿಂತ ಹೆಚ್ಚು ಬೆಳೆದವು. ಅಲ್ಲಿಂದ ಕಾಯಿಲೆ ಇಲ್ಲದ ಕೋಳಿಗೂ ದಿನಾ ಸ್ವಲ್ಪ ಸ್ವಲ್ಪ ಆಂಟಿಬಯಾಟಿಕ್ ಹಾಕುವ ರೂಢಿ ಜಗತ್ತಿಗೆಲ್ಲ ಹಬ್ಬಿತು. ಅದರ ಬೆಲೆ ಆಮೇಲೆ ತಿಳಿಯಿತು. ಬೇರೆ ಔಷಧ ನಾಟದಿದ್ದಾಗ ಐಸಿಯುವಿನಲ್ಲಿ ಕೊನೆಗೆ ಕೊಡುವ ಕೊಲಿಸ್ಟಿನ್‌ಗೂ ಬಗ್ಗದ ವಂಶವಾಹಿ ಚೀನಾದ ಪ್ರಾಣಿಗಳಲ್ಲಿಯೂ ರೋಗಿಗಳಲ್ಲಿಯೂ ಇರುವುದು 2015ರಲ್ಲಿ ಕಂಡಿತು. 2019ರ ಜುಲೈಯಲ್ಲಿ ಭಾರತ ಸರ್ಕಾರ ಕೋಳಿ ಮತ್ತಿತರ ಆಹಾರದ ಪ್ರಾಣಿಗಳಿಗೆ ಕೊಲಿಸ್ಟಿನ್ ಮಾರುವುದನ್ನು ನಿಷೇಧಿಸಿತು. ಹಾರ್ಮೋನ್ ಎಂದು ಗಾಳಿಗೆ ಗುದ್ದುವ ಬದಲು, "ಈ ಫೀಡಿನಲ್ಲಿ ಆಂಟಿಬಯಾಟಿಕ್ ಇದೆಯಾ?" ಎಂದು ಕೇಳುವ ಹಕ್ಕು ಸಾಕುವವನಿಗೂ ಮಾರುವವನಿಗೂ ತಿನ್ನುವವನಿಗೂ ಉಂಟು.

ಈ ಚರಿತ್ರೆ ನಮಗೇಕೆ?

ಮೊದಲು ಕೋಳಿಯೂ ನಮ್ಮದು, ತೌಡೂ ನಮ್ಮದು. 1990ರ ದಶಕದಲ್ಲಿ ಕೊಯಮತ್ತೂರು ಸೀಮೆಯಿಂದ ಹಬ್ಬಿದ ಗುತ್ತಿಗೆ ಸಾಕಣೆಯಲ್ಲಿ ಮರಿ, ಆಹಾರ, ಔಷಧ ಕಂಪನಿಯದು. ಶೆಡ್, ನೀರು, ಕರೆಂಟು, ದುಡಿಮೆ ನಮ್ಮದು. ಕೂಲಿ ಕಿಲೋ ಲೆಕ್ಕದಲ್ಲಿ, ಅದೂ ಎಷ್ಟು ಆಹಾರಕ್ಕೆ ಎಷ್ಟು ತೂಕ ಬಂತು ಎಂಬುದನ್ನು ನೋಡಿ. ಸಾವಿರ ಕೋಳಿ ತಲಾ ಎರಡು ಕಿಲೋ ಆದರೆ ಒಟ್ಟು 2,000 ಕಿಲೋ. ಕಿಲೋಗೆ 1.6 ಕಿಲೋ ಆಹಾರ ತಿಂದರೆ 3,200 ಕಿಲೋ ಬೇಕು. 1.8 ತಿಂದರೆ 3,600. ವ್ಯತ್ಯಾಸ 400 ಕಿಲೋ, ಅಂದರೆ 50 ಕಿಲೋದ ಎಂಟು ಚೀಲ. ಆ ಎಂಟು ಚೀಲದ ಹೊರೆ ಸಾಕಿದವನ ಕೂಲಿಯ ಮೇಲೆ ಬೀಳುತ್ತದೆ. ಅದು ಸಾಕುವುದರ ತಪ್ಪೋ, ಮರಿಯದೋ, ಚೀಲದೊಳಗಿನದೋ? ಚೀಲದ ಚರಿತ್ರೆ ಗೊತ್ತಿಲ್ಲದವನಿಗೆ ಈ ಪ್ರಶ್ನೆ ಕೇಳಲೇ ಬರುವುದಿಲ್ಲ.

ಸ್ವಂತ ಸಾಕುವವರಿಗೂ ಇದು ಬೇಕು. 2021ರಲ್ಲಿ ಸೋಯಾ ಹಿಂಡಿಯ ದರ ಗಗನಕ್ಕೇರಿದಾಗ ಸರ್ಕಾರ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿ ಆಮದಿಗೆ ಒಪ್ಪಿಗೆ ಕೊಟ್ಟಿತು. ಕೋಳಿ ಸಾಕುವವರಿಗೆ ಉಸಿರು ಬಂತು, ಸೋಯಾ ಬೆಳೆಗಾರರು ತಮ್ಮ ದರ ಬೀಳುತ್ತದೆಂದು ವಿರೋಧಿಸಿದರು. ದರ ಏರಿದಾಗ ಕಲಬೆರಕೆಯ ಆಸೆಯೂ ಏರುತ್ತದೆ. ಪ್ರೊಟೀನ್ ಅಳೆಯುವ ಕೆಲ್ಡಾಲ್ ಪರೀಕ್ಷೆ 1883ರದು. ಅದು ಅಳೆಯುವುದು ನೈಟ್ರೋಜನ್ ಮಾತ್ರ. ಹಾಗಾಗಿ ಮೀನಿನ ಹುಡಿಗೆ ಯೂರಿಯಾ ಬೆರೆಸಿದರೂ ಕಾಗದದಲ್ಲಿ ಪ್ರೊಟೀನ್ ಏರುತ್ತದೆ. 2008ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಚೀನಾದ ಮೊಟ್ಟೆಗಳಲ್ಲಿ ಮೆಲಮೈನ್ ಸಿಕ್ಕಿತು. ಅದರ ಹಿಂದೆ ಇದ್ದದ್ದೂ ಇದೇ ಉಪಾಯ. ಚೀಲದ ಮೇಲಿನ ಶೇಕಡಾ ಒಂದನ್ನೇ ನಂಬಬೇಡಿ. ತಯಾರಿಸಿದ ದಿನಾಂಕ ನೋಡಿ, ವಾಸನೆ ನೋಡಿ.

ಎಲ್ಲಕ್ಕಿಂತ ಮುಖ್ಯವಾಗಿ ನಮ್ಮ ಮಳೆಗಾಲ. ಘಟ್ಟದ ಮೇಲಿನ ಒಣ ಹವೆಯಲ್ಲಿ ತುಂಬಿದ ಚೀಲ ಜೂನ್, ಜುಲೈಯಲ್ಲಿ ಕರಾವಳಿಗೆ ಇಳಿದರೆ ಬೂಸ್ಟಿಗೆ ಹಬ್ಬ. ಚೀಲವನ್ನು ನೆಲದ ಮೇಲೆ ಇಡಬೇಡಿ, ಮರದ ಹಲಗೆಯ ಮೇಲೆ ಇಡಿ. ಗೋಡೆಗೆ ತಾಗಿಸಬೇಡಿ. ಮಳೆಗಾಲದಲ್ಲಿ ಒಂದೆರಡು ವಾರಕ್ಕೆ ಬೇಕಾದಷ್ಟೇ ತನ್ನಿ. ಗಂಟು ಕಟ್ಟಿದ, ಮುಗ್ಗಲು ವಾಸನೆಯ ಆಹಾರವನ್ನು ಬಿಸಿಲಿಗೆ ಹಾಕಿ ಕೊಡೋಣ ಎನ್ನಬೇಡಿ. ಬೂಸ್ಟು ಒಣಗುತ್ತದೆ, ವಿಷ ಉಳಿಯುತ್ತದೆ. ಮನೆಯ ಕಡಲೆಬೀಜಕ್ಕೂ ಇದೇ ಮಾತು. ಬೂಸ್ಟು ಬಂದ ಕಡಲೆಯನ್ನು "ಕೋಳಿಗಾದರೂ ಆಗಲಿ" ಎಂದು ಹಿತ್ತಲಿಗೆ ಎಸೆಯಬೇಡಿ.

ಇಷ್ಟರಲ್ಲಿ ಜಾವಾದ ಅಡುಗೆಯವನ ಹೆಸರನ್ನು ಜನ ಮರೆತಿದ್ದಾರೆ, ಕೋಳಿಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ನಮ್ಮ ಮನೆಗಳ ವಿದ್ಯೆಯೂ ಹಾಗೆಯೇ ಹೋಗುತ್ತಿದೆ. ಹೇಂಟೆ ಕಾವಿಗೆ ಕೂತಾಗ ಏನು ಕೊಡುತ್ತಿದ್ದರು, ಮರಿ ತೂಕಡಿಸಿದರೆ ಏನು ತಿನ್ನಿಸುತ್ತಿದ್ದರು, ಮೊಟ್ಟೆ ಮಾರಿದ ದುಡ್ಡಿನಿಂದ ಏನೇನು ನಡೆಯುತ್ತಿತ್ತು ಎಂದು ಹೇಳಬಲ್ಲ ಹಿರಿಯ ಉಮ್ಮಂದಿರು ಇನ್ನೂ ಇದ್ದಾರೆ. ಅದರಲ್ಲಿ ಕೆಲವು ಸರಿ ಇರಬಹುದು, ಕೆಲವು ತಪ್ಪು ಇರಬಹುದು, ಅದನ್ನು ಹೆಬ್ಬಾಳದವರೂ ಆಡುಗೋಡಿಯವರೂ ಪರೀಕ್ಷಿಸಲಿ. ನಾವು ಮೊದಲು ಕೇಳಿ, ಬ್ಯಾರಿಯಲ್ಲಿಯೋ ಕನ್ನಡದಲ್ಲಿಯೋ ಬರೆದಿಡೋಣ.